ಗ್ರಿಲ್ ಕೆಲಸ ಬಲ್ಲವರು ಮಕ್ಕಳ ಸಾಫ್ಟ್ ಪ್ಲೇ ತಯಾರಿಸಬಹುದೇ?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರಿಂದ): ಸರ್, ಗೋಕುಲ ರಸ್ತೆಯಲ್ಲಿ ನನ್ನದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ. ಹನ್ನೊಂದು ವರ್ಷಗಳಿಂದ ಗೇಟು, ಗ್ರಿಲ್ಲು, ಮೆಟ್ಟಿಲಿನ ರೇಲಿಂಗ್ ಮಾಡುತ್ತಿದ್ದೇನೆ. ಪರಿಚಯದವರೊಬ್ಬರು ಮಕ್ಕಳ ಆಟದ ಕೇಂದ್ರ ತೆರೆಯುತ್ತಿದ್ದಾರೆ. ಎರಡು ಅಂತಸ್ತಿನ ಸಾಫ್ಟ್ ಪ್ಲೇ ಮಾಡಿಕೊಡಿ ಎನ್ನುತ್ತಿದ್ದಾರೆ. ಫೋಟೋ ನೋಡಿದರೆ ಪೈಪು, ಬಲೆ, ಫೋಮು, ಜಾರುಬಂಡೆ, ಇಷ್ಟೇ. ಒಪ್ಪಿಕೊಳ್ಳಬಹುದೇ?

ಉತ್ತರ: ಪೀಣ್ಯದಲ್ಲಿ ಒಂಬತ್ತು ಜನರ ಸಣ್ಣ ಕಂಪನಿಯಲ್ಲಿ ನಾನು ಮಾಡುತ್ತಿರುವುದೂ ಇದೇ ಕೆಲಸ. ನಿಮ್ಮ ಕೈಗೆ ಪೈಪು ಹೊಸದಲ್ಲ, ಆದ್ದರಿಂದ ಒಪ್ಪಿಕೊಳ್ಳಬಹುದು. ಆದರೆ ಗ್ರಿಲ್ಲಿನ ಅಳತೆಯನ್ನು ಮನಸ್ಸಿನಿಂದ ಅಳಿಸಿಹಾಕಿ.

ರೇಲಿಂಗ್‌ಗೆ ಎಷ್ಟು ಸಂದು ಬಿಡುತ್ತೀರಿ? ನಾಲ್ಕು ಇಂಚು, ಕೆಲವೊಮ್ಮೆ ಐದು. ಇಲ್ಲಿ ಅದೇ ಅಪಾಯದ ಅಳತೆ. ಮಕ್ಕಳು ಕಾಲು ಮುಂದೆ ಮಾಡಿ ನುಸುಳುತ್ತಾರೆ. ಮೈ ದಾಟುತ್ತದೆ, ತಲೆ ದಾಟುವುದಿಲ್ಲ, ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಅದಕ್ಕಾಗಿಯೇ ಅಮೆರಿಕದ ಆಟದ ಮೈದಾನಗಳ ಸುರಕ್ಷತಾ ನಿಯಮದಲ್ಲಿ ಸಂದು 89 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು, ಇಲ್ಲವೇ 229ಕ್ಕಿಂತ ಹೆಚ್ಚಿರಬೇಕು. ನಡುವಿನದು ಕೂಡದು. ಯುರೋಪಿನ ಇಎನ್ 1176 ಮಾನದಂಡವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಪ್ಲೈವುಡ್‌ನಲ್ಲಿ ಎರಡು ಅಚ್ಚು ಕತ್ತರಿಸಿಕೊಳ್ಳಿ: ಮೈಗೆ 89ಕ್ಕೆ 158ರ ಆಯತ, ತಲೆಗೆ 229ರ ವೃತ್ತ. ಮೈಯ ಅಚ್ಚು ತೂರಿದ ಕಡೆಯಲ್ಲೆಲ್ಲ ತಲೆಯ ಅಚ್ಚೂ ತೂರಬೇಕು. ಬಲೆಯನ್ನು ಕೈಯಿಂದ ಜಗ್ಗಿ ಹಿಡಿದು ನೋಡಿ, ಸುಮ್ಮನೆ ತೂಗುವಾಗ ಅಳೆದರೆ ಸಾಲದು. ನಾನು ಮೊದಲ ಕೆಲಸದಲ್ಲಿ ಹಾಗೆಯೇ ಅಳೆದು, ಬಲೆಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದೆ.

ಇನ್ನು ವೆಲ್ಡಿಂಗ್. ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಬೆಸುಗೆ ಹಾಕಿದರೆ ಅಲ್ಲಿನ ಸತು ಸುಟ್ಟುಹೋಗಿ ತುಕ್ಕು ಹಿಡಿಯುತ್ತದೆ. ಆ ಹೊಗೆ ಕುಡಿದ ಕೆಲಸಗಾರನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ ಸರಿಹೋಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಪೈಪುಗಳನ್ನು ಕ್ಲಾಂಪ್ ಹಾಕಿ ಜೋಡಿಸಿ. ನಾಳೆ ಒಂದು ಪೈಪು ಬಾಗಿದರೆ ಅದೊಂದನ್ನೇ ಬದಲಿಸಬಹುದು.

ಕೊನೆಗೆ ನೀವೇ ಒಳಗೆ ತೆವಳಿ ಎಲ್ಲ ಮೂಲೆಗೂ ಹೋಗಿ ಬನ್ನಿ. ದೊಡ್ಡವರು ತಲುಪಲಾಗದ ಸುರಂಗದಲ್ಲಿ ಮಗು ಹೆದರಿ ಕುಳಿತರೆ ಕರೆತರುವವರು ಯಾರು?

ಪ್ರಶ್ನೆ (ಶಿವಮೊಗ್ಗದ ಸದಸ್ಯರಿಂದ): ಫೋಮ್ ಬಗ್ಗೆ ಹೇಳಿ ಸರ್. ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ನೋಡಲು ವ್ಯತ್ಯಾಸವೇ ತಿಳಿಯುವುದಿಲ್ಲ.

ಉತ್ತರ: ಬೆಂಕಿ ತಗುಲುವವರೆಗೂ ತಿಳಿಯುವುದಿಲ್ಲ. 2024ರ ಮೇ 25ರಂದು ರಾಜಕೋಟ್‌ನ ಆಟದ ಕೇಂದ್ರದಲ್ಲಿ ವೆಲ್ಡಿಂಗ್ ಕಿಡಿಯಿಂದ ಹೊತ್ತಿದ ಬೆಂಕಿಯಲ್ಲಿ 27 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ನಮ್ಮ ಕಸುಬಿನವರು ಆ ದಿನವನ್ನು ಮರೆಯಬಾರದು. ಪಿಯು (ಪಾಲಿಯುರೆಥೇನ್) ಫೋಮ್ ಉರಿದರೆ ಉರಿಗಿಂತ ಮೊದಲು ಹೊಗೆ ಕೊಲ್ಲುತ್ತದೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಇರುತ್ತದೆ. ಬೆಂಕಿ ನಿರೋಧಕ ಎಂಬ ಮಾತಿಗೆ ಪ್ರತಿ ಬಾರಿಯ ಮಾಲಿಗೂ ಪರೀಕ್ಷಾ ಪತ್ರ ಕೇಳಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ. ಫೋಮ್ ಒಳಗೆ ಬಂದ ಮೇಲೆ ಆ ಹಾಲಿನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಎರಡೂ ನಿಲ್ಲಬೇಕು. ಒಂದೇ ಬಾಗಿಲಿರುವ ಹಾಲಿನ ಕೆಲಸವನ್ನು ನಾನು ಒಪ್ಪುವುದಿಲ್ಲ. ಹೀಗೆ ಎರಡು ಆರ್ಡರ್ ಬಿಟ್ಟಿದ್ದೇನೆ, ಬೇಸರವಿಲ್ಲ.

ಪ್ರಶ್ನೆ (ಮೈಸೂರಿನ ತಾಯಿಯೊಬ್ಬರಿಂದ): ನಮಗೆ ಅಚ್ಚು, ಅಳತೆ ಗೊತ್ತಿಲ್ಲ. ಮಗಳನ್ನು ಒಳಗೆ ಬಿಡುವ ಮುನ್ನ ಏನು ನೋಡಬೇಕು?

ಉತ್ತರ: ಮೇಡಂ, ಜಾರುಬಂಡೆಯ ತಲೆಯ ಭಾಗವನ್ನು ನೋಡಿ. ಅಲ್ಲಿ ಸಂದು ಅಥವಾ ಬೋಲ್ಟ್ ಇದ್ದರೆ ಲಂಗದ ದಾರ, ದುಪಟ್ಟಾ, ಕೊರಳ ಸರ ಸಿಕ್ಕಿಕೊಳ್ಳುತ್ತದೆ. ಮಗಳಿಗೆ ಅವನ್ನೆಲ್ಲ ತೆಗೆದೇ ಆಡಲು ಬಿಡಿ. ಬಲೆಯ ಕೆಳ ಅಂಚನ್ನು ಎಳೆದು ನೋಡಿ, ಕಟ್ಟು ಸಡಿಲವಾಗಿದ್ದರೆ ಕೈಗೆ ತಿಳಿಯುತ್ತದೆ. ಹೊರಹೋಗುವ ಎರಡನೆಯ ಬಾಗಿಲು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ, ಅದಕ್ಕೆ ಬೀಗ ಹಾಕಿದೆಯೇ ಎಂದು ನೀವೇ ತಳ್ಳಿ ನೋಡಿ.

ಹುಬ್ಬಳ್ಳಿಯ ಸದಸ್ಯರು: ಸರ್, ಪ್ಲೈವುಡ್ ಅಚ್ಚು ಈಗಷ್ಟೇ ಕತ್ತರಿಸಿದೆ. ನಮ್ಮ ಮನೆಯ ಮಹಡಿಯ ರೇಲಿಂಗ್‌ಗೇ ಮೊದಲು ಹಿಡಿದೆ. ಮೈಯದು ತೂರಿತು, ತಲೆಯದು ತೂರಲಿಲ್ಲ. ಮೊಮ್ಮಗನಿಗೆ ಎರಡು ವರ್ಷ. ನಾಳೆ ಬೆಳಿಗ್ಗೆ ನಡುವೆ ಇನ್ನೊಂದೊಂದು ಸರಳು ಕೂರಿಸುತ್ತೇನೆ.