ರೇಡಿಯೋ ಅಯೋಡಿನ್ ತಗೊಂಡ್ಮೇಲೆ ಮಗು ಹತ್ರ ಎಷ್ಟು ದಿನ ಹೋಗ್ಬಾರ್ದು?

ದಾವಣಗೆರೆ ಅಮ್ಮ:
ಎಲ್ರಿಗೂ ನಮಸ್ಕಾರ. ನಂಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್, ಆಪರೇಷನ್ ಆಗಿ ಪೂರ್ತಿ ಥೈರಾಯ್ಡ್ ತೆಗ್ದಿದ್ದಾರೆ, ಕುತ್ತಿಗೆಯ ಗಂಟುಗಳಲ್ಲೂ ಇತ್ತಂತೆ, ಅದಕ್ಕೆ ಮುಂದಿನ ವಾರ ರೇಡಿಯೋ ಅಯೋಡಿನ್, ಅಂದ್ರೆ ವಿಕಿರಣ ಬಿಡೋ ಅಯೋಡಿನ್, 100 ಮಿಲಿಕ್ಯೂರಿ (ವಿಕಿರಣದ ಅಳತೆ) ಕೊಡ್ತೀವಿ ಅಂದಿದ್ದಾರೆ. ಥೈರಾಯ್ಡ್ ಹಾರ್ಮೋನ್ ಬದಲಿಗೆ ತಗೊಳ್ಳೋ ಥೈರಾಕ್ಸಿನ್ ಮಾತ್ರೆ ನಿಲ್ಸಿ ಮೂರು ವಾರ ಆಯ್ತು, ಬಟ್ಟೆ ಒಣಗಾಕೋಕೂ ಕೈ ಏಳ್ತಿಲ್ಲ. ಮಗಳಿಗೆ ಎರಡು ವರ್ಷ, ರಾತ್ರಿ ನನ್ ಕಿವಿ ಹಿಡ್ಕೊಂಡೇ ಮಲಗೋದು. ಎಷ್ಟು ದಿನ ದೂರ ಇರ್ಬೇಕು? ಆಸ್ಪತ್ರೇಲಿ ಒಂದು ಚೀಟಿ ಕೊಟ್ಟು ಕಳಿಸಿದ್ರು ಅಷ್ಟೆ. ಉಪ್ಪಿಲ್ದೆ ಏನ್ ತಿನ್ನೋದು ಅಂತಾನೂ ಹೇಳಿ.

ಮಂಡ್ಯದವಳು:
ಉಪ್ಪು ಬಿಡೋದು ಬೇಡ ಕಣಮ್ಮ, ಅಯೋಡಿನ್ ಸೇರ್ಸಿರೋ ಉಪ್ಪು ಬಿಡ್ಬೇಕು. ಒಳಗೆ ಉಳ್ಕೊಂಡಿರೋ ಥೈರಾಯ್ಡ್ ಕಣಗಳು ಅಯೋಡಿನ್‌ಗೆ ಹಸ್ಕೊಂಡಿದ್ರೆ ಔಷಧಿನ ಚೆನ್ನಾಗಿ ಎಳ್ಕೊಳ್ತವೆ, ಅದಕ್ಕೇ ಈ ಪಥ್ಯ. ಕಲ್ಲುಪ್ಪಲ್ಲೂ ಎಷ್ಟೋ ಪ್ಯಾಕೆಟ್‌ಗೆ ಅಯೋಡಿನ್ ಹಾಕಿರ್ತಾರೆ, ಓದಿ ತಗೊಳ್ಳಿ. ಹಾಲು, ಮೊಸರು, ಮೊಟ್ಟೆ ಹಳದಿ, ಸಮುದ್ರದ ಮೀನು, ಬೇಕರಿ ಬನ್ನು, ಅಂಗಡಿ ಉಪ್ಪಿನಕಾಯಿ, ಹೋಟೆಲ್ ಊಟ ಎಲ್ಲ ಬಂದ್. ನಾನು ಮುದ್ದೆ ತಿಂದೇ ಕಳ್ದೆ, ಮುದ್ದೆಗೆ ಉಪ್ಪೇ ಹಾಕಲ್ವಲ್ಲ, ಸೊಪ್ಪಿನ ಸಾರಿಗೆ ಮಾತ್ರ ಬೇರೆ ಉಪ್ಪು.
ಕ್ಯಾಪ್ಸೂಲ್ ಸೀಸದ ಡಬ್ಬೀಲಿ ತಂದ್ರು, ನುಂಗಿದ್ದು ಒಂದು ನಿಮಿಷ, ಆಮೇಲೆ ರೂಮಲ್ಲಿ ಒಬ್ಳೇ. ಊಟ ಬಾಗಿಲ ಹತ್ರ ಇಟ್ಟು ಹೋಗ್ತಿದ್ರು, ಮೂರನೇ ದಿನ ದೂರದಿಂದ ವಿಕಿರಣ ಅಳೆಯೋ ಮೀಟರ್ ಹಿಡ್ದು ನೋಡಿ ಕಳಿಸಿದ್ರು. ಕೆನ್ನೆ ಕೆಳಗೆ ಊದ್ಕೊಂಡಿತ್ತು, ಬಾಯಿ ರುಚಿ ಕೆಟ್ಟಿತ್ತು, ಆಮೇಲೆ ಸರಿಹೋಯ್ತು. ಜೊಲ್ಲು ಬರ್ಲಿ ಅಂತ ಚೀಪೋ ನಿಂಬೆಹುಳಿ ಪೆಪ್ಪರ್‌ಮಿಂಟ್ ಯಾವಾಗಿಂದ ಚೀಪಬೇಕು ಅಂತ ಅಲ್ಲೇ ಕೇಳ್ಕೊಳ್ಳಿ.

ಹಾಸನ ಅಣ್ಣ:
ತಂಗಿ, ನನ್ ಹೆಂಡ್ತಿಗೂ ಇದೇ ಆಗಿತ್ತು, ಮಗನ ಪಕ್ಕ ಎರಡು ವಾರ ಮಲಗ್ಬೇಡಿ ಅಂದಿದ್ರು. ಡೋಸು ಮೀಟರು ನೋಡಿ ಒಬ್ಬೊಬ್ರಿಗೆ ಒಂದೊಂದ್ ಲೆಕ್ಕ, ನಿಮ್ ದಿನ ಬರ್ಸ್ಕೊಂಡೇ ಬನ್ನಿ. ಈ ಔಷಧಿ ಅಯೋಡಿನ್ 131, ಅದರ ವಿಕಿರಣ ಅರ್ಧ ಆಗೋಕೆ 8 ದಿನ ಬೇಕು, ಆದ್ರೆ ಹೆಚ್ಚಿನದು ಮೊದಲ ಎರಡ್ಮೂರು ದಿನದಲ್ಲೇ ಮೂತ್ರದಲ್ಲಿ ಹೋಗ್ಬಿಡತ್ತೆ, ಅದಕ್ಕೆ ನೀರು ಚೆನ್ನಾಗಿ ಕುಡೀರಿ, ಫ್ಲಶ್ ಎರಡೆರಡು ಸಲ ಮಾಡಿ. ಮಗೂನ ಅಜ್ಜಿ ಮನೇಲಿ ಈಗಿಂದ್ಲೇ ಮಲಗ್ಸಿ ಅಭ್ಯಾಸ ಮಾಡ್ಸಿ. ಇನ್ನೊಂದು ಮುಖ್ಯ, ಅವಳು ಇನ್ನೂ ಎದೆಹಾಲು ಕುಡೀತಿದ್ರೆ ಈಗ್ಲೇ ಡಾಕ್ಟ್ರಿಗೆ ಹೇಳಿ. ಹಾಲು ಬರೋ ಎದೇನೂ ಈ ಅಯೋಡಿನ್ ಎಳ್ಕೊಳ್ಳತ್ತೆ, ವಾರಗಟ್ಲೆ ಮುಂಚೆನೇ ಬಿಡ್ಸಿರ್ಬೇಕು.

ದಾವಣಗೆರೆ ಅಮ್ಮ:
ಅಣ್ಣ, ರಾತ್ರಿ ಒಂದ್ಸಲ ಇನ್ನೂ ಕುಡೀತಾಳೆ. ಇದನ್ನ ಯಾರೂ ಕೇಳೇ ಇಲ್ಲ, ನಂಗೂ ಹೇಳ್ಬೇಕು ಅಂತ ಹೊಳೀಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಫೋನ್ ಮಾಡ್ತೀನಿ.

ಹಾಸನ ಅಣ್ಣ:
ಮಾಡಮ್ಮ. ಡೇಟ್ ಮುಂದೆ ಹೋದ್ರೆ ಮಾತ್ರೆ ಮತ್ತೆ ಶುರು ಮಾಡ್ಬೇಕಾ ಅಂತಾನೂ ಕೇಳು.