ರಿಪೋರ್ಟ್ ನಾರ್ಮಲ್, ಸುಸ್ತು ಹಾಗೆಯೇ

ತಂಗಿ, ಬೆಳಿಗ್ಗೆ ನೀನು ಹಾಕಿದ ಸಂದೇಶವನ್ನು ಎರಡು ಸಲ ಓದಿದೆ. ಥೈರಾಯ್ಡ್ ಮಾತ್ರೆ ತಪ್ಪಿಸಿಲ್ಲ, ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 3.6 ಬಂದಿದೆ, ಎಲ್ಲ ಸರಿಯಿದೆ ಎಂದು ಡಾಕ್ಟರು ಕಳುಹಿಸಿದರು, ಆದರೂ ಮಧ್ಯಾಹ್ನಕ್ಕೇ ಕಾಲೆಳೆಯುವಂತಾಗುತ್ತದೆ, ಕೂದಲು ಉದುರುತ್ತಿದೆ, ನನಗೇನಾದರೂ ಭ್ರಮೆಯೇ ಎಂದು ಕೇಳಿದ್ದೀಯಲ್ಲ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದವಾದರೆ ಉಳಿದವರು ಸಹಿಸಿಕೊಳ್ಳಿ.

ಮೊದಲು ಅತ್ತೆಗೆ ಒಂದು ಮಾತು. ಅತ್ತೆ, ಯೋಚನೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನೀವು ಪ್ರೀತಿಯಿಂದಲೇ ಬರೆದಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ. ಆದರೆ ಸುಸ್ತಾದವಳಿಗೆ ಆ ಮಾತು ಇನ್ನೊಂದು ಹೊರೆ. ಹನ್ನೊಂದು ವರ್ಷ ಥೈರಾಯ್ಡ್ ಹಾರ್ಮೋನು ಸಾಲದ ಈ ಕಾಯಿಲೆಯ ಜೊತೆ ಸಂಸಾರ ಮಾಡಿ ಹೇಳುತ್ತಿದ್ದೇನೆ.

ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದೇ ಅಲ್ಲ. ಅದು ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಎಬ್ಬಿಸಲು ಹಾಕುವ ಕೂಗು. ಹಾರ್ಮೋನು ಸಾಲದಿದ್ದರೆ ಕೂಗು ಏರುತ್ತದೆ, ಸಾಕಾದರೆ ತಗ್ಗುತ್ತದೆ. ಸುಮಾರು 0.4ರಿಂದ 4ರೊಳಗೆ ಇದ್ದರೆ ನಾರ್ಮಲ್ ಎನ್ನುತ್ತಾರೆ, ಗರ್ಭಿಣಿಯರ ಲೆಕ್ಕ ಬೇರೆ. ಪಿಟ್ಯುಟರಿ ಸುಮ್ಮನಿದೆಯೇ ಎಂಬುದಷ್ಟೇ ಆ ಕಾಗದದಲ್ಲಿರುವುದು. ನೀನು ಹೇಗಿದ್ದೀಯೆಂದು ಅದು ವಿಚಾರಿಸಿಯೇ ಇಲ್ಲ. ಡಾಕ್ಟರು ಹೇಳಿದ್ದೂ ಸುಳ್ಳಲ್ಲ, ನಿನ್ನ ಸುಸ್ತೂ ಸುಳ್ಳಲ್ಲ.

ನನ್ನದು ಕೇಳು. ನಾಲ್ಕನೆಯ ವರ್ಷ, ಟಿಎಸ್‌ಎಚ್ 2.1. ಅಷ್ಟು ಚೆಂದದ ಅಂಕಿ ಇಟ್ಟುಕೊಂಡು ಮನೆಯ ಮೆಟ್ಟಿಲಿನ ಅರ್ಧದಲ್ಲಿ ಕೂತುಬಿಡುತ್ತಿದ್ದೆ. ಮಾತ್ರೆ ಸಾಲದು ಎಂದು ನಾನೇ ತೀರ್ಮಾನಿಸಿ ಒಂದರ ಬದಲು ಒಂದೂವರೆ ನುಂಗತೊಡಗಿದೆ. ಕೆಲವು ವಾರದ ನಂತರ ಒಂದು ರಾತ್ರಿ ಮಂಚ ಅಲುಗಾಡುತ್ತಿದೆ ಎಂದು ಎದ್ದು ಕೂತೆ. ಅಲುಗಾಡುತ್ತಿದ್ದದ್ದು ನನ್ನ ಎದೆ. ಮಾತ್ರೆ ಹೆಚ್ಚಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆಯೂ ಸವೆಯುತ್ತದೆ ಎಂದು ಆಮೇಲೆ ಬೈಸಿಕೊಂಡೆ. ನೀನು ಈ ಸಾಹಸಕ್ಕೆ ಇಳಿಯಬೇಡ.

ಬೈದ ಡಾಕ್ಟರೇ ನನ್ನ ಕೆಳರೆಪ್ಪೆ ಎಳೆದು ನೋಡಿ, ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ ಎಂದು ಕೇಳಿದವರು. ಅದುವರೆಗೆ ಯಾರೂ ಕೇಳಿರಲಿಲ್ಲ. ಹಿಮೋಗ್ಲೋಬಿನ್ 12 ದಾಟಿತ್ತು, ಅದು ಸರಿಯೇ, ಆದರೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ಬರೀ 7. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮರೆಯಬಾರದೆಂದು ನಾನು ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಬೆಳಿಗ್ಗೆ ಒಂದೇ ಗುಟುಕಿಗೆ ನುಂಗಿದೆ, ಎರಡು ತಿಂಗಳು! ಟಿಎಸ್‌ಎಚ್ 8ಕ್ಕೆ ಹಾರಿತು. ಕಬ್ಬಿಣವಾಗಲಿ ಕ್ಯಾಲ್ಸಿಯಂ ಆಗಲಿ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ನಾಲ್ಕು ಗಂಟೆಯ ಅಂತರ ಬೇಕು. ಈಗ ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ, ಕಾಫಿ ಕೂಡ ಅರ್ಧ ಗಂಟೆಯ ನಂತರ. ಕಬ್ಬಿಣ ರಾತ್ರಿಗೆ.

ನೀನು ಕೂದಲಿಗೆಂದು ಯಾವುದೋ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಅಂಥವುಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಹೆಚ್ಚಾಗಿರುತ್ತದೆ. ಅದು ಥೈರಾಯ್ಡಿಗೆ ಏನೂ ಮಾಡುವುದಿಲ್ಲ, ಆದರೆ ಕೆಲವು ಪರೀಕ್ಷಾ ವಿಧಾನಗಳನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್ಚನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ನಿನ್ನ 3.6 ನಿಜಕ್ಕೂ 3.6 ಹೌದೋ ಅಲ್ಲವೋ! ಡಾಕ್ಟರಿಗೆ ಹೇಳಿ, ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಿ, ಅದೇ ಪ್ರಯೋಗಾಲಯದಲ್ಲಿ ಬೆಳಿಗ್ಗೆಯೇ ಮತ್ತೊಮ್ಮೆ ರಕ್ತ ಕೊಡು. ಮಧ್ಯಾಹ್ನ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಇಳಿದಿರುತ್ತದೆ.

ಅದರ ಜೊತೆಗೆ ಫೆರಿಟಿನ್, ಬಿ12 ನೋಡಿಸಬಹುದೇ ಎಂದು ಕೇಳು. ದೇಹವೇ ಥೈರಾಯ್ಡಿನ ಮೇಲೆ ತಿರುಗಿ ಬೀಳುವ ಹಾಶಿಮೊಟೊ ಕಾಯಿಲೆ ಇದ್ದವರಿಗೆ ಬಿ12 ಹೀರಿಕೊಳ್ಳುವ ತೊಂದರೆಯೂ ಉಳಿದವರಿಗಿಂತ ಹೆಚ್ಚು. ನೀನು ಗೊರಕೆ ಹೊಡೆಯುತ್ತೀಯಾ ಎಂದು ಭಾವನನ್ನು ಕೇಳಬೇಕು, ನಗಬೇಡ, ನಿದ್ದೆಯಲ್ಲಿ ಉಸಿರು ಕಟ್ಟಿದರೂ ಹಗಲೆಲ್ಲ ಹೀಗೆಯೇ ಇರುತ್ತದೆ. ಇವೆಲ್ಲ ಸರಿಯಿದ್ದೂ ಚೇತರಿಸಿಕೊಳ್ಳದ ಕೆಲವರು ಇದ್ದಾರೆ. ಅಂಥವರಿಗೆ ತಜ್ಞರು ಕೆಲವೊಮ್ಮೆ ಟಿ3 ಎಂಬ ಇನ್ನೊಂದು ಥೈರಾಯ್ಡ್ ಹಾರ್ಮೋನನ್ನೂ ಸೇರಿಸಿ ನೋಡುತ್ತಾರೆ, ಎಲ್ಲರಿಗೂ ಅದು ಒಗ್ಗುವುದಿಲ್ಲ. ನಿನಗೆ ಆ ಮಾತು ಈಗಲೇ ಬೇಡ.

ಹೋಗುವಾಗ ಚೀಟಿಯಲ್ಲಿ ಬರೆದುಕೊಂಡು ಹೋಗು. ಸುಸ್ತು ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಮೂರು ಗಂಟೆಗೆ ಮಲಗದಿದ್ದರೆ ಕೆಲಸ ಸಾಗುವುದಿಲ್ಲ, ಬಾಚಣಿಗೆಯಲ್ಲಿ ಇಷ್ಟು ಕೂದಲು ಬರುತ್ತದೆ, ಇದು ಇಂಥ ತಿಂಗಳಿನಿಂದ ಎಂದು ಬರೆ.

ಇನ್ನು ಮಾವ ಕಳುಹಿಸಿದ, ಥೈರಾಯ್ಡನ್ನು ಬೇರುಸಹಿತ ಕಿತ್ತುಹಾಕುವ ಪುಡಿ. ಮಾವ, ಬೇರುಸಹಿತ ಕಿತ್ತರೆ ಕುತ್ತಿಗೆಯಲ್ಲಿ ಉಳಿಯುವುದೇನು? ಅಂಥದ್ದರಲ್ಲಿ ಅಯೋಡಿನ್ ಸುರಿದಿದ್ದರೆ ಅದೇ ಗ್ರಂಥಿಗೆ ತೊಂದರೆ.

ತಂಗಿ, ಆ ಕೂದಲಿನ ಮಾತ್ರೆಯ ಡಬ್ಬಿಯ ಹಿಂಬದಿಯ ಫೋಟೊ ಕಳುಹಿಸು, ನನಗೊಬ್ಬಳಿಗೇ. ಇಲ್ಲಿ ಹಾಕಿದರೆ ಮಾವ ಅದನ್ನೂ ಹತ್ತು ಜನರಿಗೆ ಫಾರ್ವರ್ಡ್ ಮಾಡಿಬಿಡುತ್ತಾರೆ.