ಸಹಾಯ ಬೇಕು: ಗೋಲ್ಡನ್ ವಾಟಲ್ ನೆಡಲಾ, ವೊಲೆಮಿ ಪೈನ್ ನೆಡಲಾ?

ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಹಿತ್ತಲಲ್ಲಿ ಒಂದೇ ಮರಕ್ಕೆ ಜಾಗ ಇದೆ. ಜಿಗುಟು ಮಣ್ಣು, ಚಳಿಗಾಲದ ಮಳೆ ನೀರು ಬೇಗ ಇಂಗುವುದಿಲ್ಲ.

ಮನೆಯವರಿಗೆ ಗೋಲ್ಡನ್ ವಾಟಲ್ ಇಷ್ಟ. ಅದು ಆಸ್ಟ್ರೇಲಿಯಾದ ರಾಷ್ಟ್ರೀಯ ಹೂವು. ಚಳಿ ಮುಗಿಯುವ ಹೊತ್ತಿಗೆ ಮರದ ತುಂಬಾ ಹಳದಿ ಹೂ, ನಮ್ಮೂರ ಜಾಲಿ ಹೂವಿನ ಥರ ಪುಟ್ಟ ಉಂಡೆಗಳು. ಬೇಗ ಬೆಳೆಯುತ್ತದೆ, ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಆದರೆ ಆಯಸ್ಸು ಕಡಿಮೆ.

ನನಗೆ ವೊಲೆಮಿ ಪೈನ್ ಮೇಲೆ ಮನಸ್ಸು. 1994ರಲ್ಲಿ ಸಿಡ್ನಿಯ ವಾಯವ್ಯಕ್ಕಿರುವ ಆಳವಾದ ಕಣಿವೆಯಲ್ಲಿ ಸಿಕ್ಕಿದ ಮರ ಇದು. ಅಲ್ಲಿಯವರೆಗೆ ಇದರ ಬಳಗದ ಗುರುತು ಪಳೆಯುಳಿಕೆಗಳಲ್ಲಿ ಮಾತ್ರ ಇತ್ತು. ಕಾಡಿನಲ್ಲಿ ಉಳಿದಿರುವ ಬಲಿತ ಮರಗಳು 100ಕ್ಕಿಂತ ಕಡಿಮೆ. 2019-20ರ ಕಾಡ್ಗಿಚ್ಚಿನಲ್ಲಿ ಅಗ್ನಿಶಾಮಕ ಸಿಬ್ಬಂದಿ ಅವನ್ನು ಎಷ್ಟು ಕಷ್ಟಪಟ್ಟು ಉಳಿಸಿದರು! ಅಂಥದ್ದರ ಒಂದು ಸಸಿ ನಮ್ಮ ಮನೆಯಲ್ಲಿ ಬೆಳೆದರೆ ಅದೇ ದೊಡ್ಡ ಖುಷಿ, ಅಲ್ವಾ? ವಾಟಲ್‌ನಂತೆ ಹೂ ಬಿಡುವುದಿಲ್ಲ, ಶಂಕುಗಳು ಮಾತ್ರ. ಪರವಾಗಿಲ್ಲ. ಕಾಡಿನಲ್ಲಿ 40 ಮೀಟರ್‌ವರೆಗೂ ಬೆಳೆಯುತ್ತದೆ, ಅದೊಂದು ಯೋಚನೆ. ಅದಕ್ಕಿಂತ ಜಾಸ್ತಿ ಭಯ ಬೇರು ಕೊಳೆ ರೋಗದ್ದು. ನೀರು ನಿಂತರೆ ಇದು ತಡೆಯುವುದಿಲ್ಲ.

ಇಂಥ ಮಣ್ಣಿನಲ್ಲಿ ವೊಲೆಮಿ ಬೆಳೆಸಿದವರು ಯಾರಾದರೂ ಇದ್ದೀರಾ? ದಿಬ್ಬ ಮಾಡಿ ನೆಟ್ಟರೆ ಸಾಕಾ? ಇಲ್ಲಾ, ಅದನ್ನು ದೊಡ್ಡ ಕುಂಡದಲ್ಲಿಟ್ಟು ನೆಲಕ್ಕೆ ವಾಟಲ್ ಹಾಕುವುದು ಒಳ್ಳೆಯದಾ? ಕುಂಡದಲ್ಲಿ ಎಷ್ಟು ವರ್ಷ ಚೆನ್ನಾಗಿರುತ್ತದೆ ಅನ್ನೋದನ್ನೂ ದಯವಿಟ್ಟು ತಿಳಿಸಿ.